ಎರಡು ನೇರಳೆ ಗಾಡಿ, ಒಂದು ಹದ

ಅವಳನ್ನು ಹೆಸರು ಹಿಡಿದು ಕರೆಯುವವರು ಈಗ ತವರಿನಲ್ಲಿ ಮಾತ್ರ ಉಳಿದಿದ್ದಾರೆ. ಮಿಕ್ಕವರಿಗೆಲ್ಲ ಅವಳು ಗೇರಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಭಾವನ ಹಳೆಯ ಟ್ರ್ಯಾಕ್ಟರ್ ಅಂಗಳದ ಬಾಗಿಲಿಗೆ ಅಡ್ಡ ನಿಂತಿತ್ತು. ಗಂಡಸರು ಯಾರೂ ಮನೆಯಲ್ಲಿರಲಿಲ್ಲ. ಹೊರಗೆ ಇಟ್ಟಿಗೆ ತಂದ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ತಲೆ ತಿನ್ನುತ್ತಿದ್ದ. ಹೊಸ ಸೊಸೆ ತೋಳು ಮಡಚಿಕೊಂಡು ಹತ್ತಿ ಕುಳಿತಳು, ಭಾವ ಮಾಡುವುದನ್ನು ನೋಡಿದ್ದ ಹಾಗೆಯೇ ಗೇರ್ ಹಾಕಿದಳು, ಗಾಡಿಯನ್ನು ಹಿಂದಕ್ಕೆ ತೆಗೆದಳು. ಅದರ ಜೊತೆಗೆ ಬಚ್ಚಲುಮನೆಯ ಗೋಡೆಯನ್ನೂ ತೆಗೆದಳು. ಅತ್ತೆ ಮುಖ ಊದಿಸಿಕೊಂಡು ಕೂತರು. ಭಾವ ಮಾತ್ರ ಬಿದ್ದ ಗೋಡೆಯನ್ನು ಒಮ್ಮೆ ಸುತ್ತು ಹಾಕಿ ಬಂದು, "ಹಿಂದಕ್ಕೆ ಓಡಿಸೋದು ಬಂತು ಬಿಡಮ್ಮ. ಇನ್ನು ಮುಂದಕ್ಕೆ ಓಡಿಸೋದು ಕಲಿ," ಅಂದರು.

ಕಲಿತಳು. ಕಲಿಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಲ್ಲಿ ಕುಳಿತು ಕಾಜಾ ಹಾಕುವುದು, ಗುಂಡಿ ಹೊಲಿಯುವುದು ಅವಳ ಪಾಲಿನ ಕೆಲಸ ಎಂದು ಎಲ್ಲರೂ ತಿಳಿದಿದ್ದರು. ಆದರೆ ಸೂಜಿ ಕೈಗೆ ಸಿಕ್ಕರೆ ಬಟ್ಟೆಗಿಂತ ಅವಳ ಬೆರಳಿಗೇ ಹೆಚ್ಚು ಚುಚ್ಚುತ್ತಿತ್ತು. ಕುಳಿತಲ್ಲೇ ಕುಳಿತರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಟ್ರ್ಯಾಕ್ಟರಿನ ಸೀಟಿನ ಮೇಲೆ ಮಾತ್ರ ಅವಳಿಗೆ ತಾನು ತಾನೇ ಎನ್ನಿಸುತ್ತಿತ್ತು.

ಭಾವ ಕಾಲವಾದ ಮೇಲೆ ಹಳೆಯ ಗಾಡಿಯೂ ಕೈಕೊಟ್ಟಿತು. ಅವಳು ಹೊಸದೊಂದನ್ನು ತಂದಳು. ಹೊಸ ಕಂಪನಿ, ನೇರಳೆ ಬಣ್ಣ. ಗಂಡ ಅದರ ಸೀಟಿಗೆ ಉಳಿದ ಪ್ಯಾಂಟು ಬಟ್ಟೆಯಲ್ಲಿ ಕವರ್ ಹೊಲಿದುಕೊಟ್ಟ. ಹಳ್ಳದ ಆಚೆ ಸಣ್ಣ ಸಣ್ಣ ಹೊಲಗಳಿವೆ, ಒಂದೊಂದೂ ಪಟ್ಟಿಯಂತೆ ಕಿರಿದು. ದೊಡ್ಡ ಟ್ರ್ಯಾಕ್ಟರುಗಳು ಅಲ್ಲಿ ತಿರುಗಲಾರದೆ ನಾಲ್ಕೂ ಮೂಲೆ ಬಿಟ್ಟು ಬರುತ್ತವೆ. ಗೇರಕ್ಕ ಹಾಗಲ್ಲ. ಮೂಲೆಗೆ ಹೋದಾಗ ಸೀಟಿನಿಂದ ಅರ್ಧ ಎದ್ದು, ಹಿಂದೆ ತಿರುಗಿ ನೋಡುತ್ತ, ನೇಗಿಲನ್ನು ಎತ್ತಿ ಇಳಿಸಿ ಎತ್ತಿ ಇಳಿಸಿ, ಬದುವಿನ ಬುಡದ ಮಣ್ಣನ್ನೂ ಮಗುಚುತ್ತಿದ್ದಳು. ಅದಕ್ಕೇ ಆ ಹೊಲದವರೆಲ್ಲ ಪ್ರತಿ ಹಂಗಾಮಿಗೂ ಅವಳನ್ನೇ ಕಾಯುತ್ತಿದ್ದರು.

ಈ ಸಲ ಅವರು ಕಾದಿದ್ದರು, ಗಾಡಿ ನಿಂತಿತ್ತು. ನೇಗಿಲನ್ನು ಎತ್ತುವ ಲಿಫ್ಟಿನ ಪಂಪು ಸೀಳಿಹೋಗಿತ್ತು. ಎಂಜಿನ್ ಚೆನ್ನಾಗಿ ಓಡುತ್ತಿತ್ತು, ನೇಗಿಲು ಮಾತ್ರ ನೆಲ ಬಿಟ್ಟು ಏಳುತ್ತಿರಲಿಲ್ಲ. ಷೋರೂಮಿಗೆ ಹೋಗಿ ಹೇಳಿದಾಗ ಬಿಸಿಲು ಸುಡುತ್ತಿತ್ತು. ಈಗ ಮಳೆಯೇ ಬಂದುಹೋಯಿತು, ಪಂಪು ಬರಲಿಲ್ಲ.

"ದಾರಿಯಲ್ಲಿದೆ ಮೇಡಂ," ಎನ್ನುತ್ತಿದ್ದ ಮ್ಯಾನೇಜರ್, ಹೋದಾಗಲೆಲ್ಲ.

"ನಡ್ಕೊಂಡು ಬರ್ತಿರಬೇಕು ಕಣೇ," ಎಂದ ಗಂಡ, ಕತ್ತರಿಯಿಂದ ಕಣ್ಣೆತ್ತದೆ. "ಪಾಪ, ಒಂಟಿ ಪಂಪು, ಭಾರ ಬೇರೆ."

"ನಗಿ ನೀವು. ಕಂಟ್ರಾಕ್ಟರ್ ಹಳ್ಳದಾಚೆ ಓಡಾಡ್ತಿದಾನಂತೆ."

ಗಂಡ ನಗು ನಿಲ್ಲಿಸಿದ. ಕಂಟ್ರಾಕ್ಟರನ ಬಳಿ ದೊಡ್ಡ ದೊಡ್ಡ ಯಂತ್ರಗಳಿದ್ದವು. ಒಮ್ಮೆ ಅವನಿಗೆ ಹೊಲ ಒಪ್ಪಿಸಿದರೆ ಮುಂದಿನ ಹಂಗಾಮುಗಳಿಗೂ ಅವನೇ ಎನ್ನುವುದು ಅವನ ಕರಾರು. ಮಳೆ ಬಿದ್ದ ಮಣ್ಣಿನ ಈ ಹದ ತಪ್ಪಿದರೆ ಹೊಲದವರು ಬೇರೆ ದಾರಿಯಿಲ್ಲದೆ ಅವನ ಕಡೆ ಹೋಗುತ್ತಾರೆ, ಆಮೇಲೆ ತಿರುಗಿ ಬರುವುದಿಲ್ಲ. ಉಳಲು ಹೊಲವಿಲ್ಲದ ಟ್ರ್ಯಾಕ್ಟರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಅವಳು ಆ ಸೀಟಿನಿಂದ ಇಳಿದು ಈ ಕೋಣೆಗೇ ಬಂದು ಕೂರಬೇಕಾಗುತ್ತದೆ.

ಮರುದಿನ ಬೆಳಿಗ್ಗೆಯೇ ಷೋರೂಮಿಗೆ ಹೋದಳು. ಗಾಜಿನ ಬಾಗಿಲು, ತಣ್ಣನೆಯ ಗಾಳಿ. ನಡುವೆ ಒಂದು ಹೊಚ್ಚ ಹೊಸ ನೇರಳೆ ಟ್ರ್ಯಾಕ್ಟರ್, ಟೈರಿಗೆಲ್ಲ ಕಪ್ಪು ಪಾಲಿಶು. ಮ್ಯಾನೇಜರ್ ಅವಳನ್ನು ಕಂಡೊಡನೆ ಫೋನು ಕಿವಿಗೆ ಹಚ್ಚಿಕೊಂಡ. ಅವಳು ಅವನು ಮುಗಿಸುವ ತನಕ ಎದುರಿಗೇ ನಿಂತಳು.

"ಈ ಗಾಡೀಲಿರೋ ಪಂಪು ಬಿಚ್ಚಿ ಕೊಡಿ. ನಂದು ಬಂದ ಮೇಲೆ ಇದಕ್ಕೆ ಹಾಕ್ಕೊಳ್ಳಿ."

"ಅದು ಮಾರೋ ಗಾಡಿ ಮೇಡಂ."

"ನಂದು ನೀವೇ ಮಾರಿದ್ದಲ್ವಾ?"

"ಅಯ್ಯೋ, ಹಾಗಲ್ಲ. ನಿಜ ಹೇಳ್ತೀನಿ, ನಮ್ಮ ಗಾಡೀಲಿ ಇಂಥ ತೊಂದರೆ ಬಂದಿರೋದು ನಿಮಗೊಬ್ಬರಿಗೇ. ಕಂಪನಿಯವರಿಗೇ ಆಶ್ಚರ್ಯ."

ಹಿಂದಿನ ಬೆಂಚಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ನೋಡಿದರೆ ಮೀಸೆ. ತಗ್ಗಿನ ಕಡೆಯ ಹೊಲಗಳನ್ನೆಲ್ಲ ಉಳುವವನು ಅವನು. ಅವನ ಮೀಸೆ ಅವನಿಗಿಂತ ಮೊದಲು ಬಾಗಿಲು ದಾಟುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಹಿಂದೊಮ್ಮೆ ಅವನು, 'ಹೆಂಗಸು ಉತ್ತ ಸಾಲು ಹಾವು ಹರಿದ ಹಾಗಿರುತ್ತೆ' ಎಂದಿದ್ದ ಮಾತು ಅವಳ ಕಿವಿಗೆ ಬಿದ್ದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ.

"ಏನಮ್ಮ, ನಿನಗೊಬ್ಬಳಿಗೇನಾ?" ಎಂದ ಮೀಸೆ. "ನನಗೂ ಹಾಗೇ ಹೇಳಿದ್ರು. ನನಗೊಬ್ಬನಿಗೇ ಅಂತ. ನಾನು ಮನೇಲಿ ಕೂತು ನನ್ನ ಹಣೆಬರಹ ಬೈಕೊಳ್ತಿದ್ದೆ."

"ನಿಮ್ಮದೇನು ಹೋಗಿದೆ?"

"ಡೀಸೆಲ್ ಪಂಪು. ಎಂಜಿನ್ನೇ ಎದ್ದೇಳಲ್ಲ. ಲಿಫ್ಟು ಗಿಫ್ಟು ಎಲ್ಲ ಗಟ್ಟಿಮುಟ್ಟು. ನಿಂದು?"

"ನಂದು ಎಂಜಿನ್ ಗಟ್ಟಿ. ಲಿಫ್ಟೇ ಇಲ್ಲ."

ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು.

"ಅಣ್ಣಾ," ಎಂದಳು ತಗ್ಗಿದ ದನಿಯಲ್ಲಿ, "ನಮ್ಮಿಬ್ಬರ ಹತ್ರ ಸೇರಿ ಒಂದು ಗಾಡಿ ಇದೆ."

ಮೀಸೆ ತಿರುಗಿ ನೋಡಿದ. ಮ್ಯಾನೇಜರನಿಗೂ ಕೇಳಿಸಿತ್ತು. "ಹೊರಗೆ ಎಲ್ಲಾದ್ರೂ ಬಿಚ್ಚಿಸಿದ್ರೆ ವಾರಂಟಿ ಹೋಗುತ್ತೆ, ಈಗ್ಲೇ ಹೇಳಿದೀನಿ."

"ಇದ್ದಾಗ ಏನು ಕೊಟ್ಟಿತು ಅಂತ ಹೋದಾಗ ಅಳೋಣ?" ಎಂದು ಮೀಸೆ ಎದ್ದ.

ಮಧ್ಯಾಹ್ನದ ಹೊತ್ತಿಗೆ ಎರಡು ನೇರಳೆ ಗಾಡಿಗಳೂ ಗ್ರೀಸಣ್ಣನ ಷೆಡ್ಡಿನಲ್ಲಿದ್ದವು. ಅವಳದು ತಾನೇ ಓಡಿಕೊಂಡು ಬಂತು, ಅವನದನ್ನು ಅದಕ್ಕೇ ಸರಪಳಿ ಕಟ್ಟಿ ಎಳೆದು ತಂದರು. ಗ್ರೀಸಣ್ಣ ಎಲ್ಲ ಬಣ್ಣದ ಗಾಡಿಗಳಿಗೂ ಕೈಹಾಕಿದ ಮೆಕ್ಯಾನಿಕ್. ಉಗುರಿನಡಿಯ ಕಪ್ಪು ಯಾವ ಸೋಪಿಗೂ ಹೋಗುತ್ತಿರಲಿಲ್ಲ.

ಮೀಸೆಯ ಗಾಡಿಯ ಲಿಫ್ಟ್ ಪಂಪನ್ನು ಗೇರಕ್ಕನ ಗಾಡಿಗೆ ಹಾಕುವುದೆಂದು ಮಾತಾಗಿತ್ತು. ಅವಳ ಮನಸ್ಸಿನಲ್ಲೂ ಅದೇ ಇತ್ತು: ಓಡುವ ಗಾಡಿ ತನ್ನದು, ಎದ್ದು ನಿಲ್ಲುವುದೂ ತನ್ನದೇ. ಗ್ರೀಸಣ್ಣ ಪಂಪನ್ನು ಬಿಚ್ಚಿ ಒರೆಸಿ ಅವಳ ಗಾಡಿಯ ಬಾಯಿಗೆ ಹಿಡಿದ. ತಿರುಗಿಸಿ ಹಿಡಿದ. ಮತ್ತೆ ಒರೆಸಿ ಹಿಡಿದ.

"ಕೂರಲ್ಲ."

"ಯಾಕೆ?"

"ನಿಂದು ಮೊದಲು ಬಂದ ಗಾಡಿ, ಇವರದ್ದು ಆಮೇಲೆ ಬಂದದ್ದು. ನಡುವೆ ಕಂಪನಿಯವರು ಬೋಲ್ಟಿನ ತೂತು ಬದಲಾಯಿಸಿಬಿಟ್ಟಿದಾರೆ. ಹೊರಗಿನ ಬಣ್ಣ ಮಾತ್ರ ಒಂದೇ."

ಗ್ರೀಸಣ್ಣ ಪಂಪನ್ನು ಅದು ಬಂದ ಜಾಗಕ್ಕೇ ಸೇರಿಸಿ ಬಿಗಿದು, ಎರಡು ಎಂಜಿನ್ನುಗಳ ಪಕ್ಕವನ್ನೂ ಟಾರ್ಚ್ ಹಿಡಿದು ನೋಡಿ ಬಂದ. "ಡೀಸೆಲ್ ಪಂಪು ಮಾತ್ರ ಎರಡಕ್ಕೂ ಒಂದೇ ಥರ ಇದೆ," ಎಂದು ಹೇಳಿ, ಅವಳ ಮುಖ ನೋಡದೆ ಕೈ ಒರೆಸಿಕೊಂಡ.

ಅವನು ಹೇಳದೆ ಬಿಟ್ಟದ್ದು ಅವಳಿಗೆ ಅರ್ಥವಾಯಿತು. ಬಿಚ್ಚಬೇಕಾದ್ದು ಅವಳ ಗಾಡಿ. ಚೆನ್ನಾಗಿ ಬಡಿಯುತ್ತಿರುವ ಎಂಜಿನ್ನಿನಿಂದ ಡೀಸೆಲ್ ಪಂಪು ಕಿತ್ತು ಮೀಸೆಯದಕ್ಕೆ ಹಾಕಬೇಕು. ಆಮೇಲೆ ಅವಳದು ಲಿಫ್ಟೂ ಇಲ್ಲದ, ಎಂಜಿನ್ನೂ ಏಳದ, ವಾರಂಟಿಯೂ ಇಲ್ಲದ ಕಬ್ಬಿಣ. ಪಂಪು ಸಿಕ್ಕಿದ ಮೇಲೆ ಮೀಸೆ ಗಾಡಿ ತೆಗೆದುಕೊಂಡು ತಗ್ಗಿನ ಕಡೆ ಹೊರಟುಬಿಟ್ಟರೆ ಅವಳು ಮಾಡುವುದೇನು?

ಅವಳು ಹೊರಗೆ ಹೋಗಿ ಗಂಡನಿಗೆ ಫೋನು ಮಾಡಿದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ. "ಒಂದೇ ಅಂಗಿ ಹೊಲಿಯೋಕೆ ಎರಡು ಅಂಗಿ ಬಿಚ್ಚಿದೀನಿ ನಾನು," ಎಂದ. "ಬಿಚ್ಚುವಾಗ ಹೊಟ್ಟೆ ಉರಿಯುತ್ತೆ. ನಿಂಗೆ ಸರಿ ಅನ್ಸಿದ್ರೆ ಬಿಚ್ಚಿಸು."

ಅವಳು ಒಳಗೆ ಬಂದಳು. "ಅಣ್ಣಾ, ಪಂಪು ಕೊಡ್ತೀನಿ. ಎರಡು ಮಾತಿದೆ. ಮೊದಲು ನನ್ನ ಕಡೆ ಹೊಲ. ಓಡಿಸೋಳು ನಾನು."

"ಗಾಡಿ ನಂದು, ಹೊಲ ಮೊದಲು ನಿಂದಾ?" ಮೀಸೆಯ ಮೀಸೆ ಮೇಲಕ್ಕೆ ಹೋಯಿತು.

"ನಿಮ್ಮ ತಗ್ಗಿನ ಕಪ್ಪು ಮಣ್ಣಿಗೆ ಈಗ ಗಾಡಿ ಇಳಿಸಿದ್ರೆ ಚಕ್ರ ಹೂತುಹೋಗುತ್ತೆ. ಇನ್ನೂ ಅಂಟಂಟು. ಹಳ್ಳದಾಚೆ ಮರಳು ಮಣ್ಣು, ಈಗಲೇ ಹದಕ್ಕೆ ಬಂದಿದೆ, ನೋಡ್ತಾ ನೋಡ್ತಾ ಒಣಗುತ್ತೆ. ನಂದು ಮುಗಿಯೋ ಹೊತ್ತಿಗೆ ನಿಮ್ಮದು ಹದವಾಗಿರುತ್ತೆ. ಸುಳ್ಳಾ?"

ಮೀಸೆಗೆ ಮಣ್ಣು ಗೊತ್ತಿತ್ತು. ಮೀಸೆಯ ತುದಿ ಕೆಳಗಿಳಿಯಿತು. "ಸುಳ್ಳಲ್ಲ. ಆದರೆ ನನ್ನ ಗಾಡಿ ಹೋದ ಕಡೆ ನಾನೂ ಬರ್ತೀನಿ. ಮಡ್‌ಗಾರ್ಡ್ ಮೇಲೆ ಕೂರ್ತೀನಿ."

"ಕೂರಿ. ಬೀಳಬೇಡಿ."

ಗ್ರೀಸಣ್ಣ ಪಂಪಿನ ಮೇಲೆ ಉಳಿಯಿಂದ ಗುರುತಿನ ಗೆರೆ ಎಳೆದು, ಬಿಚ್ಚಿ, ಆ ಕಡೆಯದಕ್ಕೆ ಕೂಡಿಸಿದ. ತಾಯಿಯ ಕೈಯಿಂದ ಕೂಸು ಈಸಿಕೊಳ್ಳುವಂತೆ ಹಗುರವಾಗಿ ಮಾಡಿದ. ಪೈಪಿನ ಗಾಳಿ ತೆಗೆಯಲು ಸ್ಕ್ರೂ ಸಡಿಲಿಸಿದ. ಡೀಸೆಲ್ ಬರಲಿಲ್ಲ. ಕೈಪಂಪು ಒತ್ತಿದ, ಒತ್ತಿದ. ಕೀ ತಿರುಗಿಸಿದರೆ ಎಂಜಿನ್ ನರಳಿ ಸುಮ್ಮನಾಯಿತು. ಫಿಲ್ಟರ್ ಬಿಚ್ಚಿ ನೋಡಿದ, ಶುದ್ಧವಾಗಿತ್ತು. ಟ್ಯಾಂಕು ತುಂಬಿತ್ತು. ಗೇರಕ್ಕ ತನ್ನ ಗಾಡಿಯ ಖಾಲಿಯಾದ ಬದಿಯನ್ನು ನೋಡುತ್ತ ನಿಂತಳು. ಕೊಟ್ಟದ್ದೂ ಹೋಯಿತು, ಬಂದದ್ದೂ ಇಲ್ಲ.

ಅಷ್ಟರಲ್ಲಿ ಮೀಸೆ ಕೆಮ್ಮಿದ. "ಗ್ರೀಸಣ್ಣ, ಅದೇನಂದ್ರೆ... ಕಳ್ಳರ ಕಾಟಕ್ಕೆ ಅಂತ ನಾನೊಂದು ನಲ್ಲಿ ಹಾಕಿಸಿದೀನಿ. ಟ್ಯಾಂಕಿನ ಕೆಳಗೆ. ಯಾರಿಗೂ ಕಾಣಲ್ಲ. ಪಂಪು ಕೆಟ್ಟು ಗಾಡಿ ನಿಂತ ಮೇಲೆ ಮುಚ್ಚಿಟ್ಟಿದ್ದೆ."

"ಎಲ್ಲಿ?"

ಮೀಸೆ ಕುಕ್ಕರಗಾಲಲ್ಲಿ ಕೂತು, ಎಲ್ಲರಿಗೂ ಬೆನ್ನು ಮಾಡಿ, ಕೈ ಒಳಗೆ ತೂರಿಸಿ ಏನನ್ನೋ ತಿರುಗಿಸಿದ. ಸಡಿಲಿಸಿದ್ದ ಸ್ಕ್ರೂವಿನಿಂದ ಡೀಸೆಲ್ ಗ್ರೀಸಣ್ಣನ ಮುಖಕ್ಕೇ ಚಿಮ್ಮಿತು.

"ಇಷ್ಟು ಹೊತ್ತು ಬಾಯಲ್ಲಿ ಏನಿಟ್ಕೊಂಡಿದ್ರಿ?" ಎಂದ ಗ್ರೀಸಣ್ಣ, ಮುಖ ಒರೆಸಿಕೊಳ್ಳುತ್ತ.

"ಹೇಳಿಬಿಟ್ರೆ ಗುಟ್ಟೇನು ಉಳೀತು?"

ಗೇರಕ್ಕ ನಕ್ಕಳು. ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಾಳಿಯ ಗುಳ್ಳೆಗಳು ನಿಂತ ಮೇಲೆ ಗ್ರೀಸಣ್ಣ ಸ್ಕ್ರೂ ಬಿಗಿದು ಕೀ ತಿರುಗಿಸಿದ. ಎಂಜಿನ್ ಒಮ್ಮೆ ಕೆಮ್ಮಿ, ಬಿಳಿ ಹೊಗೆ ಉಗುಳಿ, ಎದ್ದು ನಿಂತು ಬಡಿಯತೊಡಗಿತು. ಅವಳು ಹತ್ತಿ ಲಿಫ್ಟಿನ ಹಿಡಿ ಎಳೆದಳು. ನೇಗಿಲು ಸದ್ದಿಲ್ಲದೆ ಮೇಲೆ ಎದ್ದಿತು. ಇಳಿಸಿದಳು. ಮತ್ತೆ ಎತ್ತಿದಳು, ಬೇಕಾಗಿತ್ತೆಂದಲ್ಲ, ನೋಡುವುದಕ್ಕೆ.

ಹಳ್ಳದ ಆಚೆ ಅವರು ಇಳಿದಾಗ ಮಣ್ಣು ಬೆರಳಲ್ಲಿ ಹಿಸುಕಿದರೆ ಉಂಡೆಯಾಗಿ, ಬಿಟ್ಟರೆ ಪುಡಿಯಾಗುವ ಹಾಗಿತ್ತು. ಮೊದಲ ದಿನ ಮೀಸೆ ಮಡ್‌ಗಾರ್ಡಿನ ಮೇಲೆ ಕುಳಿತು ಪ್ರತಿ ಮೂಲೆಯಲ್ಲೂ ಕಣ್ಣು ಮುಚ್ಚಿಕೊಂಡ. ಎರಡನೆಯ ದಿನ ತೆರೆದುಕೊಂಡು ಕುಳಿತ. ಅದರ ಮರುದಿನ ಇಳಿದು, ಬದುವಿನ ಮೇಲೆ ನಿಂತು ಸಾಲುಗಳ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದ.

"ನೆಟ್ಟಗಿದೆ," ಎಂದ.

"ಹಾವು ಎಲ್ಲಿ ಹೋಯ್ತು ಅಣ್ಣಾ?"

"ಅದು... ಯಾರೋ ಹೇಳಿದ್ದು, ನಾನಲ್ಲ."

ಹೊಲದಿಂದ ಹೊಲಕ್ಕೆ ಸುದ್ದಿ ಹೋಯಿತು. ಅವಳು ಒಂದು ಹೊಲ ಮುಗಿಸುವ ಹೊತ್ತಿಗೆ ಮುಂದಿನವರು ಬದುವಿನ ಕಲ್ಲು ಆಯ್ದು ದಾರಿ ಮಾಡಿಟ್ಟಿರುತ್ತಿದ್ದರು. ಆದರೆ ಬಿಸಿಲು ಜೋರಾಗಿತ್ತು. ಮೇಲಿನ ಮಣ್ಣು ಬೆಳ್ಳಗಾಗುತ್ತ ಬಂತು. ಕೊನೆಗೆ ಉಳಿದದ್ದು ಮೂಲೆಮನೆ ಅಜ್ಜಿಯ ಹೊಲ, ಎಲ್ಲಕ್ಕಿಂತ ಕಿರಿದು, ಎಲ್ಲಕ್ಕಿಂತ ಸೊಟ್ಟ. ಅವಳು ಅಲ್ಲಿಗೆ ಬಂದಾಗ ರಸ್ತೆಯ ಮೇಲೆ ಕಂಟ್ರಾಕ್ಟರನ ದೊಡ್ಡ ಯಂತ್ರ ನಿಂತಿತ್ತು. ಕಂಟ್ರಾಕ್ಟರ್ ಅಜ್ಜಿಯ ಪಕ್ಕದಲ್ಲೇ ಬದುವಿನ ಮೇಲೆ ನಿಂತಿದ್ದ.

"ಅಜ್ಜಿ, ಈ ಮಣ್ಣು ಸಂಜೆಗೆ ಕಲ್ಲಾಗುತ್ತೆ. ನನ್ನ ಗಾಡಿ ಒಂದೇ ಏಟಿಗೆ ಮುಗಿಸುತ್ತೆ. ಒಪ್ಕೊಳ್ಳಿ."

"ನಿನ್ನ ಗಾಡಿ ತಿರುಗೋಕೆ ನನ್ನ ಹೊಲ ಸಾಲಲ್ಲಪ್ಪ, ಪಕ್ಕದವರದ್ದೂ ಬೇಕು," ಎಂದಳು ಅಜ್ಜಿ. "ನಮ್ಮುಡುಗಿ ಬಂದಳು ನೋಡು."

ಗೇರಕ್ಕ ಯಾರನ್ನೂ ನೋಡಲಿಲ್ಲ. ನೇಗಿಲು ಇಳಿಸಿದಳು. ಗಟ್ಟಿಯಾಗತೊಡಗಿದ್ದ ಮಣ್ಣು ಮೊದಲು ಹಿಡಿಯಿತು, ಎಂಜಿನ್ನಿನ ದನಿ ಭಾರವಾಯಿತು. ಅವಳು ಗೇರ್ ಇಳಿಸಿ, ಸೀಟಿನಿಂದ ಅರ್ಧ ಎದ್ದು, ಸಾಲು ಬಿಡದೆ ಎಳೆದಳು. ಅಡಿಯ ತೇವದ ಮಣ್ಣು ಕಪ್ಪಗೆ ಮಗುಚಿ ಬಿತ್ತು. ಸೊಟ್ಟ ಮೂಲೆ ಬಂತು. ಎತ್ತಿದಳು, ಹಿಂದೆ ಸರಿದಳು, ಇಳಿಸಿದಳು. ಬದುವಿನ ಬುಡದವರೆಗೂ ಒಂದು ಅಂಗೈ ಜಾಗ ಬಿಡಲಿಲ್ಲ. ಕಂಟ್ರಾಕ್ಟರನ ಡ್ರೈವರ್ ತನ್ನ ಯಂತ್ರದ ಮೇಲಿನಿಂದಲೇ ಕತ್ತು ಚಾಚಿ ನೋಡುತ್ತಿದ್ದ.

ಕೊನೆಯ ಸಾಲು ಮುಗಿಸಿ ರಸ್ತೆಗೆ ಬಂದಾಗ ಕಂಟ್ರಾಕ್ಟರ್ ಎದುರು ಬಂದ. "ನಮ್ಮಲ್ಲಿ ಕೆಲಸಕ್ಕೆ ಬರ್ತೀಯೇನಮ್ಮ? ದೊಡ್ಡ ಗಾಡಿ ಕೊಡ್ತೀನಿ."

ಅವಳು ಬಾಯಿ ತೆರೆಯುವ ಮೊದಲೇ ಮಡ್‌ಗಾರ್ಡಿನ ಮೇಲಿಂದ ಮೀಸೆ ಹೇಳಿದ, "ನನ್ನ ತಂಗಿಗೆ ಪುರುಸೊತ್ತಿಲ್ಲ. ತಗ್ಗಿನ ಹೊಲ ಅಷ್ಟೂ ಹದಕ್ಕೆ ಬಂದು ಕೂತಿದೆ."

ಅಜ್ಜಿ ಓಡುವ ನಡಿಗೆಯಲ್ಲಿ ಬಂದು ಚಕ್ರದ ಪಕ್ಕ ನಿಂತಳು. "ಮುಂದಿನ ಹಂಗಾಮಿಗೂ ನೀನೇ ಕಣೇ. ಈಗ್ಲೇ ಹೇಳಿಟ್ಟಿದೀನಿ. ಇಲ್ಲಿರೋರೆಲ್ಲ ಅದನ್ನೇ ಹೇಳು ಅಂದ್ರು."

"ಬರ್ತೀನಜ್ಜಿ," ಎಂದಳು ಗೇರಕ್ಕ. ಆಮೇಲೆ ಗೇರ್ ಬದಲಿಸಿ, ರಸ್ತೆಗೆ ಅಡ್ಡವಾಗಿದ್ದ ದೊಡ್ಡ ಯಂತ್ರಕ್ಕೆ ಹಾರ್ನ್ ಹೊಡೆದಳು. ಅದು ಸರಿದು ದಾರಿ ಬಿಟ್ಟಿತು. ನೇರಳೆ ಗಾಡಿ ತಗ್ಗಿನ ಕಡೆಗೆ ತಿರುಗಿತು.