ಫೆಂಗ್ ಕ್ವಾನ್‌ನ ಎಡಗಾಲು

ಫೆಂಗ್ ಕ್ವಾನ್ ಜನವರಿಯಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಬಂದಾಗ ಅವನ ಚೀಲದಲ್ಲಿ ಎರಡು ಜೊತೆ ಬೂಟು ಇದ್ದವು. ಬಿಳಿಯದ್ದು ಮ್ಯಾಚಿಗೂ ಟೀಮಿನ ಪ್ರಾಕ್ಟೀಸಿಗೂ, ಕಪ್ಪು ಬೇಕಾದರೆ ಇರಲಿ ಎಂದು. ಎರಡನ್ನೂ ನನ್ನ ಮೇಜಿನ ಮೇಲಿಟ್ಟು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. ಅದರ ತರ್ಜುಮೆ ಆ್ಯಪಿನೊಳಗಿಂದ ಒಬ್ಬಳು ಹೆಂಗಸು, "ಮಾನ್ಯರೇ, ಇವು ನನ್ನ ಪಾದರಕ್ಷೆಗಳು. ದಯವಿಟ್ಟು ಇವುಗಳನ್ನು ಜೋಪಾನವಾಗಿ ನೋಡಿಕೊಳ್ಳಿ" ಎಂದಳು. ನನಗೆ ಪ್ರೈಮರಿ ಶಾಲೆಯ ಟೀಚರ್ ನೆನಪಾದರು. ನನ್ನ ಮನೆಮಾತು ಬ್ಯಾರಿ, ಅದು ಆ ಮೊಬೈಲಿಗೆ ಬರುವುದಿಲ್ಲ, ಕನ್ನಡ ಬರುತ್ತದೆ. ಇದನ್ನೆಲ್ಲ ಅವನು ನಮ್ಮ ಫಿಸಿಯೋ ಆಸ್ಟಿನ್‌ನ ಹತ್ತಿರ ಮೊದಲೇ ಕೇಳಿ ತಿಳಿದುಕೊಂಡಿದ್ದನಂತೆ.

ನಾನು ಸೈದು, ಈ ಕ್ಲಬ್ಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಕಿಟ್‌ಮ್ಯಾನ್. ಜರ್ಸಿ ಒಗೆಯುವುದು, ನಂಬರ್ ಅಂಟಿಸುವುದು, ಬೂಟು ತೊಳೆದು ಒಣಗಿಸುವುದು ನನ್ನ ಕೆಲಸ. ಕ್ಲಬ್ಬಿನ ಹೆಸರು ಬರೆಯುವುದಿಲ್ಲ, ಮ್ಯಾನೇಜರಿಗೆ ಹಿಡಿಸಲಿಕ್ಕಿಲ್ಲ. ಮೈದಾನದ ಮೇಲಿನ ಮೆಟ್ಟಿಲಲ್ಲಿ ನಿಂತರೆ ಕುವೈತಿನ ಶುಐಬಾದ ಎಣ್ಣೆ ಕಾರ್ಖಾನೆಯ ಚಿಮಣಿಗಳು ಕಾಣುತ್ತವೆ ಎಂದರೆ ಸಾಕು.

ಫೆಂಗ್‌ಗೆ ಆಗ ಇಪ್ಪತ್ತೊಂಬತ್ತು. ಊರು ಚೀನಾದ ಸಮುದ್ರದ ಬದಿಯ ದಾಲಿಯನ್. ಅಪ್ಪ ಹಡಗು ಕಟ್ಟುವಲ್ಲಿ ವೆಲ್ಡರ್. ಒಂಬತ್ತನೇ ವಯಸ್ಸಿಗೆ ಆಟದ ಶಾಲೆಗೆ ಸೇರಿ, ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ ಬೆಳೆದವನು. ಇಪ್ಪತ್ತಕ್ಕೆ ಪ್ರೊಫೆಷನಲ್ ಆದ. ಒಂಬತ್ತು ವರ್ಷದಲ್ಲಿ ಮೂರು ಕ್ಲಬ್. ಮೂರನೆಯದ್ದು ಸೀಸನ್ನಿನ ನಡುವೆಯೇ ಬಾಗಿಲು ಹಾಕಿತು. ಅಲ್ಲಿಂದ ಕುವೈತಿಗೆ ಬಂದ. ಫೈಲಿನಲ್ಲಿ ಅವನ ಜಾಗ ರೈಟ್ ವಿಂಗ್, ಅಂದರೆ ಬಲ ಅಂಚಿನಲ್ಲಿ ಮುಂದೆ ಆಡುವವನು, ಎಂದಿತ್ತು. ಮಾರ್ಚ್ ಕೊನೆಯವರೆಗೆ ನೋಡುವುದು, ಬೇಡವೆಂದು ಕಂಡರೆ ವಾಪಸು ಕಳಿಸುವುದು ಎಂದು ಕರಾರು.

ಏಳು ಮ್ಯಾಚ್ ಆಡಿದ. ಓಟ ಇತ್ತು, ದಮ್ಮು ಇತ್ತು, ಚೆಂಡು ಕಾಲಿಗೆ ಬಂದಾಗ ಮಾತ್ರ ಏನೋ ಕಡಿಮೆ. ಹತ್ತಾರು ಸಲ ಓಡಿಹೋಗಿ ಕೊನೆಗೆ ಚೆಂಡನ್ನು ಹಿಂದಕ್ಕೆ ತಳ್ಳುತ್ತಿದ್ದ. ಕೋಚ್ ಟ್ಯುನೀಷಿಯಾದ ಮನುಷ್ಯ, ನೇರ ಮಾತು. "ಇನ್ನೆರಡು ಮ್ಯಾಚ್. ಆಮೇಲೆ ಖಲಾಸ್" ಎಂದು ಎಲ್ಲರೆದುರೇ ಹೇಳಿದ. ಮೂವತ್ತರ ಹತ್ತಿರ ಬಂದವನನ್ನು ಕುವೈತಿನ ಕ್ಲಬ್ಬೇ ಬೇಡವೆಂದು ಕಳಿಸಿದರೆ ಮತ್ಯಾರು ತೆಗೆದುಕೊಳ್ಳುತ್ತಾರೆ? ಅಪ್ಪನ ಹಾಗೆ ವೆಲ್ಡಿಂಗ್ ಕೋಲು ಹಿಡಿಯುವುದೇ.

ಆ ವಾರ ನಾನು ಅವನ ಬೂಟು ತೊಳೆಯುತ್ತಿದ್ದೆ. ಬಲಗಾಲಲ್ಲಿ ಹೊಡೆಯುವವನು ಎಡಗಾಲ ಮೇಲೆ ನಿಲ್ಲುತ್ತಾನೆ. ಹಾಗಾಗಿ ಅವನ ಎಡ ಬೂಟಿನ ಅಡಿಯ ಸ್ಟಡ್ ಎಂಬ ಮೊಳೆ ಬೇಗ ಸವೆಯುತ್ತದೆ, ಬಲ ಬೂಟಿನ ಮೇಲ್ಭಾಗ ಉಜ್ಜಿಹೋಗುತ್ತದೆ. ಫೆಂಗ್‌ನ ಬಿಳಿ ಜೊತೆ ಸರಿಯಾಗಿ ಹಾಗೆಯೇ ಇತ್ತು. ಕಪ್ಪು ಜೊತೆಯಲ್ಲಿ ಎಲ್ಲವೂ ಉಲ್ಟಾ. ಬಲ ಬೂಟಿನ ಅಡಿ ಸವೆದಿದೆ, ಎಡ ಬೂಟಿನ ಒಳಬದಿಯ ಬಣ್ಣ ಹೋಗಿ ಬಟ್ಟೆ ಕಾಣುತ್ತಿದೆ. ಇಬ್ಬರು ಬೇರೆ ಬೇರೆ ಮನುಷ್ಯರು ಹಾಕಿದ ಹಾಗೆ.

ನನಗೆ ಬಂದ ಮೊದಲ ಯೋಚನೆ, ಯಾರೋ ಕದ್ದು ಹಾಕುತ್ತಿದ್ದಾರೆ. ಸ್ಟೋರಿನ ಇನ್ನೊಂದು ಕೀಲಿ ಇರುವುದು ಮೈದಾನಕ್ಕೆ ನೀರು ಬಿಡುವ ನೌಷಾದನ ಹತ್ತಿರ. ಅವನು ವಿಟ್ಲದವನು, ಶುಕ್ರವಾರ ನಮ್ಮ ಊರಿನವರ ಟೀಮಿನಲ್ಲಿ ಆಡುತ್ತಾನೆ, ಅದೂ ಎಡಗಾಲಲ್ಲಿ. ನಾನು ಬೂಟು ಹಿಡಿದುಕೊಂಡು ನೇರ ಮೈದಾನಕ್ಕೆ ಇಳಿದೆ.

"ನಾಚಿಕೆ ಉಂಟಾ ನಿನಗೆ? ಪಾಪದ ಚೀನಾದವನ ಬೂಟು ಹಾಕಿ ಆಡಲಿಕ್ಕೆ?"

ನೌಷಾದ್ ಪೈಪು ಕೆಳಗೆ ಹಾಕಿದ. "ಸೈದಾಕ, ನಿಮ್ಮ ಮಂಡೆ ಸರಿ ಉಂಟಲ್ಲ? ನನ್ನ ಕಾಲು ಹನ್ನೊಂದು ನಂಬ್ರ. ಆ ಬೂಟಿಗೆ ನನ್ನ ಹೆಬ್ಬೆರಳು ಸಹ ಹೋಗುವುದಿಲ್ಲ."

"ಹಾಗಾದರೆ ಯಾರು ಹಾಕಿದ್ದು, ನಿನ್ನ ಬಾವನಾ?"

"ಬಾವ ಮಂಗಳೂರಲ್ಲಿ ಮೀನು ಮಾರುತ್ತಾ ಇದ್ದಾನೆ. ಅಲ್ಲಿಂದ ಬಂದು ನಿಮ್ಮ ಬೂಟು ಕದಿಯಬೇಕಾ? ಬೆಳಿಗ್ಗೆ ಐದೂವರೆಗೆ ಬನ್ನಿ. ಬಂದು ಕಣ್ಣಾರೆ ನೋಡಿ. ಆಮೇಲೆ ನನ್ನ ಹತ್ತಿರ ಮಾತಾಡಿ."

ಮರುದಿನ ಹೋದೆ. ಹಿಂದುಗಡೆಯ ಗೋಡೆಯ ಹತ್ತಿರ ಫೆಂಗ್ ಒಬ್ಬನೇ ಇದ್ದ. ಕಪ್ಪು ಬೂಟು ಹಾಕಿ ಎಡಗಾಲಲ್ಲಿ ಗೋಡೆಗೆ ಹೊಡೆಯುತ್ತಿದ್ದ. ಹೊಡೆದ ಚೆಂಡು ಪ್ರತಿ ಸಲ ಒಂದೇ ಕಲ್ಲಿಗೆ ತಾಗಿ ವಾಪಸು ಅವನ ಕಾಲಿಗೇ ಬರುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ನಾನು ಎಷ್ಟೋ ಕಾಲು ನೋಡಿದ್ದೇನೆ. ಅಂಥ ಎಡಗಾಲು ನಮ್ಮ ಕ್ಲಬ್ಬಿನಲ್ಲಿ ಯಾರಿಗೂ ಇರಲಿಲ್ಲ. ಅವನಿಗೆ ಸ್ಟೋರ್ ತೆಗೆದುಕೊಟ್ಟ ನೌಷಾದ್ ನನ್ನ ಪಕ್ಕ ಬಂದು ನಿಂತ. "ತಪ್ಪಾಯಿತು ಮಾರಾಯ" ಎಂದೆ. ಅವನು, "ಒಂದು ಚಾ ಕುಡಿಸಿ, ಸಾಕು" ಎಂದ.

ಫೆಂಗ್‌ನನ್ನು ಕರೆದು ಕಪ್ಪು ಬೂಟು ಬಿಚ್ಚಿಸಿ ಎರಡು ಜೊತೆಯನ್ನೂ ಅವನ ಎದುರಿಟ್ಟೆ. ಬೆರಳಲ್ಲಿ ಸವೆದ ಜಾಗ ತೋರಿಸಿದೆ. ಅವನ ಮುಖ ಸಣ್ಣದಾಯಿತು. ಬಹಳ ಹೊತ್ತು ಮೊಬೈಲಿನಲ್ಲಿ ಬರೆದ. ಹೆಂಗಸು ಓದಿದಳು: "ನಾನು ಹುಟ್ಟಿನಿಂದ ಎಡಗಾಲಿನವನು. ಹದಿನೇಳನೇ ವಯಸ್ಸಿನಲ್ಲಿ ಎದುರಾಳಿಯ ಒದೆತದಿಂದ ಎಡ ಪಾದದ ಮೂಳೆ ಮುರಿಯಿತು. ಎಂಟು ತಿಂಗಳ ನಂತರ ಮರಳಿ ಬಂದಾಗ ಬಲಗಾಲಿನಿಂದ ಆಡಲು ಕಲಿತೆ. ಒಬ್ಬನೇ ಇರುವಾಗ ಎಡಗಾಲು ಬರುತ್ತದೆ. ಯಾರಾದರೂ ನನ್ನ ಕಡೆ ಓಡಿ ಬಂದರೆ ಬರುವುದಿಲ್ಲ."

"ಹನ್ನೆರಡು ವರ್ಷವಾ?" ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದ. ನನಗೆ ಸಿಟ್ಟು ನೆತ್ತಿಗೇರಿತು. ಚಿನ್ನದಂಥ ಕಾಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾನೆ, ಮತ್ತೊಂದು ಕಾಲಲ್ಲಿ ಹೊಟ್ಟೆ ಹೊರೆಯುತ್ತಿದ್ದಾನೆ. ಎರಡು ಮಾತು ಬೈದೆ. ಅದನ್ನು ಮೊಬೈಲ್ ಹೇಗೆ ತರ್ಜುಮೆ ಮಾಡಿತೋ, ಅವನು ನಕ್ಕ.

ಆಸ್ಟಿನ್ ಬಂದು ಪಾದವನ್ನು ಹಿಡಿದು, ಒತ್ತಿ, ತಿರುಗಿಸಿ ನೋಡಿದ. ಅವನು ಕಾರ್ಕಳದ ಕಡೆಯವನು, ಕೈ ಮೆದು, ಮಾತು ಕಡಿಮೆ. "ಮೂಳೆ ಯಾವತ್ತೋ ಕೂಡಿದೆ ಸೈದು ಭಾಯಿ. ಸೇರುವಾಗಿನ ಸ್ಕ್ಯಾನಿನಲ್ಲೂ ನೋಡಿದ್ದೇನೆ. ಬಲಗಾಲಿಗಿಂತ ಇದೇ ಗಟ್ಟಿ. ಇನ್ನು ಉಳಿದದ್ದಕ್ಕೆ ನನ್ನ ಹತ್ತಿರ ಮುಲಾಮು ಇಲ್ಲ" ಎಂದ.

"ನಾನು ಕೋಚ್‌ಗೆ ಹೇಳುತ್ತೇನೆ" ಎಂದೆ.

ಫೆಂಗ್ ಮೊಬೈಲ್ ತೆಗೆಯಲಿಲ್ಲ. ಕೋಚ್ ಎಂಬ ಮಾತು ಅವನಿಗೆ ತಿಳಿಯಿತು. "ಯಲ್ಲಾ" ಎಂದ. ಆಗಲಿ, ನಡಿ ಎನ್ನುವ ಅರಬಿ ಮಾತು.

ಕಿಟ್‌ಮ್ಯಾನ್ ಟೀಮಿನ ವಿಷಯ ಮಾತಾಡುವಂತಿಲ್ಲ. ಇದು ಎಲ್ಲ ಕ್ಲಬ್ಬಿನಲ್ಲೂ ಇರುವ ಮಾತು. ನಾನು ಕೋಚ್‌ನ ಆಫೀಸಿಗೆ ಹೋಗಿ ಎರಡು ಜೊತೆ ಬೂಟನ್ನು ಅವನ ಕಾಗದಗಳ ಮೇಲೆಯೇ ಇಟ್ಟೆ. "ನಿಮ್ಮ ಲೆಫ್ಟ್ ಬ್ಯಾಕ್‌ಗೆ ಕೆಂಪು ಕಾರ್ಡ್ ಬಿದ್ದಿದೆ, ಆಡುವಂತಿಲ್ಲ. ಗುರುವಾರ ಆ ಜಾಗಕ್ಕೆ ಫೆಂಗ್‌ನನ್ನು ಹಾಕಿ" ಎಂದೆ.

"ಸೈದು, ನೀನು ಬಟ್ಟೆ ಒಗೆ."

"ಒಗೆದೇ ಬಂದಿದ್ದೇನೆ. ನೀವು ಅವನನ್ನು ಎರಡು ತಿಂಗಳು ನೋಡಿದ್ದೀರಿ, ಬೂಟು ನೋಡಿದ್ದೀರಾ?"

ನನ್ನ ದನಿ ದೊಡ್ಡದಾಗಿತ್ತು. ಹೊರಗಿನ ಗುಮಾಸ್ತ ಬಾಗಿಲಲ್ಲಿ ಇಣುಕಿದ. ಇವತ್ತು ನನ್ನ ಇಕಾಮಾ, ಈ ದೇಶದಲ್ಲಿರುವ ಪರವಾನಗಿ, ಹೋಯಿತೆಂದೇ ಅವನು ಅಂದುಕೊಂಡಿರಬೇಕು. ಕೋಚ್ ಮಾತ್ರ ಮೊದಲು ಆಟಗಾರನಾಗಿದ್ದವನು. ಕಪ್ಪು ಎಡ ಬೂಟನ್ನು ಎತ್ತಿ ಬಣ್ಣ ಹೋದ ಜಾಗವನ್ನು ಹೆಬ್ಬೆರಳಲ್ಲಿ ಉಜ್ಜಿದ. ಬಲ ಬೂಟನ್ನು ಮಗುಚಿ ನೋಡಿದ. "ಯಾವಾಗ ಆಡುತ್ತಾನೆ ಇದರಲ್ಲಿ?" ಎಂದ. "ನೀವು ಮಲಗಿರುವಾಗ" ಎಂದೆ.

ಗುರುವಾರ ಫೆಂಗ್ ಎಡಗಡೆ ಡಿಫೆನ್ಸಿಗೆ ಇಳಿದ. ಮೊದಲರ್ಧ ನೋಡಲಿಕ್ಕಾಗಲಿಲ್ಲ. ಎದುರು ಟೀಮಿನ ವಿಂಗರ್ ಗಾಳಿಯ ಹಾಗೆ ಬರುತ್ತಿದ್ದ. ಅವನು ಹತ್ತಿರವಾದ ಕೂಡಲೇ ಫೆಂಗ್ ಚೆಂಡನ್ನು ಬಲಗಾಲಿಗೆ ಎಳೆದುಕೊಳ್ಳುತ್ತಿದ್ದ, ಅಷ್ಟರಲ್ಲಿ ಚೆಂಡು ಹೋಗುತ್ತಿತ್ತು. ಅವನ ಕಡೆಯಿಂದಲೇ ನಮ್ಮ ಮೇಲೆ ಒಂದು ಗೋಲು ಬಿತ್ತು. ಮಧ್ಯಂತರದಲ್ಲಿ ಕೋಚ್ ಬದಲಿ ಆಟಗಾರನಿಗೆ ಜಾಕೆಟ್ ಬಿಚ್ಚು ಎಂದ. ಫೆಂಗ್ ಎದ್ದು ಅವರಿಬ್ಬರ ನಡುವೆ ನಿಂತ.

"ನೋ ಚೇಂಜ್" ಎಂದ. "ನಾನು ಎಡ. ನಾನು ಆಡುತ್ತೇನೆ."

ಎರಡು ತಿಂಗಳಲ್ಲಿ ಅವನು ಕೋಚ್‌ನ ಎದುರು ಆಡಿದ ಮೊದಲ ಮಾತು ಅದು. ಕೋಚ್ ಗಡಿಯಾರ ನೋಡಿ, "ಹತ್ತು ನಿಮಿಷ" ಎಂದ.

ಎರಡನೇ ಅರ್ಧದ ಆರನೇ ನಿಮಿಷಕ್ಕೆ ಚೆಂಡು ಅವನಿಗೆ ಬಂತು. ವಿಂಗರ್ ಎದುರಿನಿಂದ ಜಾರುತ್ತ ಬಂದ. ಬಲಕ್ಕೆ ಎಳೆದುಕೊಳ್ಳಲು ಜಾಗವೂ ಇತ್ತು, ಸಮಯವೂ ಇತ್ತು. ಫೆಂಗ್ ಎಳೆದುಕೊಳ್ಳಲಿಲ್ಲ, ಎಡಗಾಲಲ್ಲಿ ಹೊಡೆದ. ಚೆಂಡು ಹೋಯಿತು, ಹಿಂದೆಯೇ ಆ ಹುಡುಗನ ಬೂಟು ಬಂದು ಅವನ ಎಡ ಪಾದಕ್ಕೆ ಅಪ್ಪಳಿಸಿತು. ಸದ್ದು ನಮ್ಮ ಬೆಂಚಿನವರೆಗೆ ಕೇಳಿತು. ಫೆಂಗ್ ಬಿದ್ದ.

ಆಸ್ಟಿನ್ ಪೆಟ್ಟಿಗೆ ಹಿಡಿದು ಓಡಿದ. ನಾನು ಗೆರೆಯ ಹೊರಗೆ ನಿಂತು ನನಗೇ ಬೈದುಕೊಂಡೆ. ನನ್ನ ಮಾತು ಕೇಳಿ ಇವನು ಕಾಲು ಕಳೆದುಕೊಂಡನಲ್ಲ.

ಫೆಂಗ್ ಹುಲ್ಲಿನ ಮೇಲೆ ಕುಳಿತ. ಬೂಟು ಬಿಚ್ಚಿ, ಕಾಲುಚೀಲ ಇಳಿಸಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದ. ಎದ್ದು ಬರಿಗಾಲಲ್ಲಿ ನೆಲಕ್ಕೆ ಮೂರು ಸಲ ಒದ್ದ. ಆಸ್ಟಿನ್ ಏನೋ ಕೇಳಿದ. ಫೆಂಗ್ ಬೂಟು ಹಾಕಿಕೊಂಡ. ಹನ್ನೆರಡು ವರ್ಷ ಯಾವುದಕ್ಕೆ ಹೆದರಿದ್ದನೋ ಅದು ಬಂದು ಹೋಗಿತ್ತು, ಕಾಲು ಅಲ್ಲೇ ಇತ್ತು.

ಆಮೇಲೆ ಆಡಿದ್ದು ಬೇರೆಯೇ ಮನುಷ್ಯ. ವಿಂಗರ್ ಬಂದರೆ ಕಾಯುತ್ತಿದ್ದ, ಹತ್ತಿರ ಬರಲು ಬಿಟ್ಟು ಎಡಗಾಲಲ್ಲಿ ಚೆಂಡು ತೆಗೆದು ಎದುರಿನ ಮೂಲೆಯವರೆಗೆ ಹೊಡೆಯುತ್ತಿದ್ದ. ಎಪ್ಪತ್ತನೇ ನಿಮಿಷಕ್ಕೆ ಅವನು ಎತ್ತಿ ಕೊಟ್ಟ ಚೆಂಡಿಗೆ ನಮ್ಮ ಸೆಂಟರ್ ಫಾರ್ವರ್ಡ್ ಬರೀ ತಲೆ ಕೊಟ್ಟ, ಗೋಲು. ಮ್ಯಾಚ್ ಒಂದು-ಒಂದರಲ್ಲಿ ಸಮವಾಗಿ ಮುಗಿಯಿತು. ಕೋಚ್ ಬದಲಿ ಹುಡುಗನಿಗೆ, "ಜಾಕೆಟ್ ಹಾಕು, ಚಳಿ" ಎಂದ.

ಮಾರ್ಚ್ ಮೂವತ್ತಕ್ಕೆ ಮ್ಯಾನೇಜರ್ ಕಾಗದ ತಂದ. ಎರಡು ವರ್ಷ, ಜಾಗ ಲೆಫ್ಟ್ ಬ್ಯಾಕ್. ಅದು ಮುಗಿದ ಮೇಲೆ ಮತ್ತೆರಡು ವರ್ಷ. ಈಗ ಅವನಿಗೆ ಮೂವತ್ತೆರಡು ವಯಸ್ಸು. ಹತ್ತಿರದ ಫಹಾಹೀಲ್‌ನಲ್ಲಿ ಮನೆ ಮಾಡಿದ್ದಾನೆ, ಮೀನು ಮಾರ್ಕೆಟ್ಟಿನಲ್ಲಿ ಅರಬಿಯಲ್ಲೇ ಜಗಳ ಮಾಡಿ ಮೀನು ತರುತ್ತಾನೆ.

ಹೋದ ತಿಂಗಳು ಚೀನಾದ ಒಂದು ಕ್ಲಬ್ಬಿನಿಂದ ಅವನಿಗೆ ಫೋನ್ ಬಂತು. ನನ್ನ ಸ್ಟೋರಿನಲ್ಲೇ ಕುಳಿತು ಮಾತಾಡಿದ. ಮುಗಿಸಿದ ಮೇಲೆ ಏನಂತೆ ಎಂದು ಅರಬಿಯಲ್ಲಿ ಕೇಳಿದೆ.

"ಬಾ ಅಂದರು. ಯಾವ ಜಾಗ ಎಂದು ಕೇಳಿದೆ. ರೈಟ್ ವಿಂಗ್ ಅಂದರು. ಅವರ ಹತ್ತಿರ ಹಳೆಯ ಫೈಲ್ ಇದೆ."

"ಮತ್ತೆ ನೀನು ಏನಂದಿ?"

"ಆ ಫೈಲಿನವನು ಈಗ ಆಡುವುದಿಲ್ಲ ಅಂದೆ" ಎಂದು ಹೇಳಿ ಅವನು ಪ್ರಾಕ್ಟೀಸಿಗೆ ಹೊರಟ.