ಗೊಂಬೆ ಮೆಟ್ಟಿಲ ಮೇಲಿನ ಬೇಸ್‌ಬಾಲ್ ವೀರರು

ಲಾಸ್ ಏಂಜಲೀಸ್ ಹತ್ತಿರದ ವೆಸ್ಟ್ ಕೊವಿನಾದ ಮನೆಯಲ್ಲಿ ಮಗಳಿಗೂ ನನಗೂ ಮಾತೆಂದು ಇದ್ದದ್ದು ದಿನಕ್ಕೆ ಅರ್ಧ ಗಂಟೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಸ್ಕೂಲಿನಿಂದ ಬಂದವಳು ಅಡುಗೆಮನೆಯ ಕೌಂಟರ್ ಹತ್ತಿ ಕೂರುತ್ತಿದ್ದಳು, ನಾನು ಚಪಾತಿ ಲಟ್ಟಿಸುತ್ತಿದ್ದೆ. ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲಿ ಒಂದು ಪದ ಬಿಸಾಕುವ ಹುಡುಗಿ, ಬೇಸ್‌ಬಾಲ್ ಕಾರ್ಡುಗಳ ಕಟ್ಟು ಕೈಗೆ ಬಂತೆಂದರೆ ಬೇರೆಯೇ ಆಗಿಬಿಡುತ್ತಿದ್ದಳು.

ಚ್ಯೂಯಿಂಗ್ ಗಮ್ ಜೊತೆ ಬರುತ್ತಿದ್ದ ಕಾರ್ಡುಗಳು ಅವು. ಮುಂದೆ ಆಟಗಾರನ ಫೋಟೋ, ಹಿಂದೆ ಅವನ ಜಾತಕ: ಎಲ್ಲಿ ಹುಟ್ಟಿದ, ಎಷ್ಟು ಹೊಡೆದ, ಆಟವಿಲ್ಲದ ಚಳಿಗಾಲದಲ್ಲಿ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ. ಈ ಕೊನೆಯದು ನನಗೆ ಬಹಳ ಹಿಡಿಸಿತ್ತು. ಊರೆಲ್ಲ ಕೈತಟ್ಟುವ ವೀರ, ನವೆಂಬರ್ ಬಂದರೆ ಮನೆ ಮನೆಗೆ ಹೋಗಿ ಇನ್ಶೂರೆನ್ಸ್ ಮಾರುತ್ತಾನೆ. ಅವರಲ್ಲಿ ಉದ್ದ ಮೂಗಿನ, ಎಡಗೈಯಲ್ಲಿ ಚೆಂಡೆಸೆಯುವ ಪಿಚರ್ ಒಬ್ಬನಿದ್ದ. ಅವನ ಕಾರ್ಡಿನ ಹಿಂಬದಿ ನನಗೆ ಕಾಣದಂತೆ ಹಿಡಿದು ಮಗಳು ಪ್ರಶ್ನೆ ಹಾಕುತ್ತಿದ್ದಳು.

“ವಾಟ್ ಡಸ್ ಹಿ ಡು ಇನ್ ದ ವಿಂಟರ್, ಅಮ್ಮ?”

“ಬಳೆ ಮಾರ್ತಾನೆ.”

ಅವಳು ಬಿದ್ದು ಬಿದ್ದು ನಕ್ಕು, “ನೋ, ನೋ. ಹಾಸಿಗೆ, ಅಮ್ಮ, ಹಾಸಿಗೆ,” ಎಂದು ತಿದ್ದುತ್ತಿದ್ದಳು. ಇಡೀ ದಿನದಲ್ಲಿ ಅವಳ ಬಾಯಿಂದ ಬರುತ್ತಿದ್ದ ಕನ್ನಡ ಅದೊಂದೇ. ಅದನ್ನು ಕೇಳಲೆಂದೇ ವಾರಕ್ಕೆ ಮೂರು ಸಲ ತಪ್ಪು ಹೇಳುತ್ತಿದ್ದೆ.

ನನ್ನ ಸರದಿಯಲ್ಲಿ ಟೀವಿ ಸೀರಿಯಲ್ಲುಗಳ ಪ್ರಶ್ನೆ. ಮಧ್ಯಾಹ್ನ ಹಳೆಯವನ್ನೇ ಮತ್ತೆ ಮತ್ತೆ ಹಾಕುತ್ತಿದ್ದರು. ಯಜಮಾನರು ಕಾರು ತೆಗೆದುಕೊಂಡು ಬರ್ಬ್ಯಾಂಕಿಗೆ ಕೆಲಸಕ್ಕೆ ಹೋದ ಮೇಲೆ ನನಗಿದ್ದ ನೆಂಟರಿಷ್ಟರೆಲ್ಲ ಆ ಡಬ್ಬದೊಳಗಿನವರೇ. ಕೌಬಾಯ್ ಸೀರಿಯಲ್ಲಿನ ಶೆರಿಫ್‌ನ ಕುದುರೆ ಯಾವ ಬಣ್ಣ ಎಂದು ಒಮ್ಮೆ ಕೇಳಿದೆ.

“ಹೌ ವುಡ್ ಯು ನೋ, ಅಮ್ಮ? ಅವರ್ ಟೀವಿ ಈಸ್ ಬ್ಲ್ಯಾಕ್ ಅಂಡ್ ವೈಟ್,” ಎಂದಳು. ಆ ಸಂಜೆ ನಾವಿಬ್ಬರೂ ನಗುತ್ತಾ ಒಂದು ಚಪಾತಿ ಕರಕಲು ಮಾಡಿದೆವು.

ಒಂದು ಅಕ್ಟೋಬರ್‌ನಲ್ಲಿ ದಸರೆಗೆ ಗೊಂಬೆ ಕೂರಿಸಲು ಹೊರಟೆ. ಮೈಸೂರಿನಿಂದ ತಂದದ್ದು ಪಟ್ಟದ ಗೊಂಬೆಯ ಜೋಡಿ ಮಾತ್ರ. ರಟ್ಟಿನ ಪೆಟ್ಟಿಗೆ ಜೋಡಿಸಿ ಸೀರೆ ಹೊದಿಸಿದ ಮೆಟ್ಟಿಲುಗಳು ಬಿಕೋ ಎನ್ನುತ್ತಿದ್ದವು. ಸಂಜೆ ನಾಲ್ಕು ಮನೆಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬರುವವರಿದ್ದರು. ಮಗಳ ವೀರರನ್ನೇ ಕೂರಿಸಿದರೆ ಹೇಗೆ ಎಂದು ಹೊಳೆಯಿತು. ಆ ನೆಪದಲ್ಲಾದರೂ ಅವಳು ಗೊಂಬೆಗಳ ಹತ್ತಿರ ಬಂದಾಳು, ಒಂದು ಹಾಡು ಕಲಿತಾಳು ಎಂಬ ಆಸೆ. ಕಾರ್ಡು ತಾನಾಗಿ ನಿಲ್ಲಲಿಲ್ಲ. ಮೈದಾ ಅಂಟು ಕಾಯಿಸಿ, ಕಾರ್ನ್‌ಫ್ಲೇಕ್ಸ್ ಡಬ್ಬ ಕತ್ತರಿಸಿ, ಒಬ್ಬೊಬ್ಬನ ಬೆನ್ನಿಗೂ ರಟ್ಟು ಅಂಟಿಸಿದೆ. ನಮ್ಮಮ್ಮ ದೇವರ ಪಟಗಳನ್ನು ಹಾಗೇ ಅಂಟಿಸುತ್ತಿದ್ದಳು. ಹಿಂಬದಿಯ ಅಕ್ಷರಗಳು ಕಾಣಲಿಲ್ಲವೇ ಎಂದು ಕೇಳಿದರೆ, ಕಂಡವು. ಬುದ್ಧಿಗೆ ಹತ್ತಲಿಲ್ಲ.

ಸ್ಕೂಲಿನಿಂದ ಬಂದವಳು ಮೆಟ್ಟಿಲ ಮುಂದೆ ನಿಂತು ಕಣ್ಣರಳಿಸಿದಳು. ನನಗೋ ಹೆಮ್ಮೆ. ಎಡಗೈಯವನನ್ನು ಮೆಲ್ಲಗೆ ಎತ್ತಿ ತಿರುಗಿಸಿದಳು. ಬೂದು ರಟ್ಟು. ಇನ್ನೊಂದನ್ನು ತಿರುಗಿಸಿದಳು, ಮತ್ತೊಂದನ್ನು. ಎಲ್ಲವನ್ನೂ ನೋಡಿ ಮುಗಿಸಿ, ಇದ್ದಲ್ಲೇ ಇಟ್ಟಳು.

“ಇಟ್ಸ್ ಓಕೆ, ಅಮ್ಮ.”

ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಜಗಳ ತೆಗೆದಿದ್ದರೆ ನಾನೇನೂ ಕಡಿಮೆಯಿಲ್ಲ, ಎರಡು ಮಾತು ಆಡುತ್ತಿದ್ದೆ. ಓಕೆ ಎಂದಳಲ್ಲ, ಅರಿಶಿನ ಕುಂಕುಮದ ತಟ್ಟೆ ಜೋಡಿಸಲು ಹೋದೆ.

ಹಬ್ಬ ಮುಗಿದ ಮೇಲೆ ನೀರಿನಲ್ಲಿ ನೆನೆಸಿ ಬಿಡಿಸಲು ನೋಡಿದೆ. ರಟ್ಟಿನ ಜೊತೆ ಜಾತಕವೂ ಸುಲಿದು ಬಂತು. ಮೂರು ಹಾಳಾದ ಮೇಲೆ ಕೈಬಿಟ್ಟೆ.

“ಹೊಸದು ತಂದ್ಕೊಟ್ರಾಯ್ತು. ಅದಕ್ಯಾಕೆ ಇಷ್ಟೊಂದು ತಲೆ ಕೆಡಿಸ್ಕೋತೀಯ,” ಎಂದ ಯಜಮಾನರು ಹತ್ತು ಪ್ಯಾಕೆಟ್ ತಂದರು. ಮಗಳು ಗಮ್ ಅಗಿದು ಕಾರ್ಡುಗಳನ್ನು ಡ್ರಾಯರಿಗೆ ತಳ್ಳಿದಳು. ಸ್ಕೂಲಿನಿಂದ ಬಂದರೆ ಸೀದಾ ತನ್ನ ರೂಮಿಗೆ ಹೋಗತೊಡಗಿದಳು. ಬಾಗಿಲ ಹೊರಗೆ ನಿಂತು ಸೀರಿಯಲ್ಲಿನ ಪ್ರಶ್ನೆ ಕೇಳಿದರೆ, “ಐ ಹ್ಯಾವ್ ಹೋಮ್‌ವರ್ಕ್,” ಎನ್ನುತ್ತಿದ್ದಳು.

ಎಂಬತ್ತರ ದಶಕದಲ್ಲಿ ಯಜಮಾನರು, ನಾನು ಇಬ್ಬರೇ ಸ್ಯಾನ್ ಡಿಯೇಗೊದ ರ್ಯಾಂಚೊ ಪೆನಾಸ್ಕಿಟೋಸ್‌ಗೆ ಮನೆ ಬದಲಿಸಿದೆವು. ಕಲರ್ ಟೀವಿ ಬಂತು. ಶೆರಿಫ್‌ನ ಕುದುರೆ ಕಂದು ಬಣ್ಣದ್ದೆಂದು ತಿಳಿಯಿತು. ಅದನ್ನು ಹೇಳಲು ಯಾರೂ ಇರಲಿಲ್ಲ. ಗೊಂಬೆಗಳು ವರ್ಷವರ್ಷಕ್ಕೆ ಹೆಚ್ಚಿದವು, ಆದರೂ ಕೆಳಗಿನ ಮೆಟ್ಟಿಲು ಆ ಕಾರ್ಡುಗಳಿಗೇ ಮೀಸಲು.

ಲಾಸ್ ಏಂಜಲೀಸ್‌ನಲ್ಲಿ ಕೆಲಸಕ್ಕಿದ್ದ ಮಗಳು ಒಂದು ದಸರೆಗೆ ಡ್ರೈವ್ ಮಾಡಿಕೊಂಡು ಬಂದಳು. ಊಟ ಮುಗಿಸಿ ಹೊರಡುವ ಮುಂಚೆ ಗೊಂಬೆಗಳ ಮುಂದೆ ನಿಂತಳು. ನಾನು ಬೇಕೆಂದೇ ಎಡಗೈಯವನನ್ನು ಅವಳ ಕೈಗೆ ಕೊಟ್ಟೆ.

“ಇವ್ನು ಚಳಿಗಾಲದಲ್ಲಿ ಏನ್ ಮಾಡ್ತಿದ್ದ, ನೆನಪಿದ್ಯೇನೇ?”

ಅಭ್ಯಾಸಬಲದಿಂದ ಕಾರ್ಡು ತಿರುಗಿಸಿದಳು. ರಟ್ಟು ನೋಡಿ ವಾಪಸ್ ಇಟ್ಟಳು.

“ನೋ, ಅಮ್ಮ. ವಾಟ್ ಡಿಡ್ ಹಿ ಡು?”

“ಬಳೆ ಮಾರ್ತಿದ್ದ,” ಎಂದು ಅವಳ ಮುಖವನ್ನೇ ನೋಡುತ್ತ ಕಾದೆ.

“ಓಕೆ,” ಎಂದವಳು ಬ್ಯಾಗಿನಲ್ಲಿ ಕಾರಿನ ಕೀ ಹುಡುಕತೊಡಗಿದಳು.