ಮೂಲ ಹುಡುಕಿಕೊಂಡು ಹೋದದ್ದು

ಹಳೇ ಮೈಸೂರಿನ ಕೆರೆಗಳ ಮೇಲೆ ನಾನು ಬರೆದ ಪಿಎಚ್.ಡಿ. ಪ್ರಬಂಧದಲ್ಲಿ ಒಂದು ಕಡೆ ವಿಶ್ವಕೋಶದ ಆಧಾರ ಕೊಟ್ಟಿದ್ದೆ. ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಆ ಅಡಿಟಿಪ್ಪಣಿಯ ಮೇಲೆ ಕೆಂಪು ಗೀಟು ಎಳೆದರು.

“ವಿಶ್ವಕೋಶ ನೋಡಿ ಬರೆಯೋದು ಹೈಸ್ಕೂಲು ಹುಡುಗರು ಕಣ್ರೀ. ಸಂಶೋಧಕ ಆದವನು ಮೂಲಕ್ಕೆ ಹೋಗಬೇಕು.”

ಸರಿ, ಹೋದೆ. ಆ ಲೇಖನದ ಕೆಳಗೆ ಬರೆದವರ ಹೆಸರಿನ ಮೊದಲಕ್ಷರಗಳಷ್ಟೇ ಇದ್ದವು. ಪೂರ್ತಿ ಹೆಸರಿದ್ದದ್ದು ಮೊದಲ ಸಂಪುಟದಲ್ಲಿ. ಅದು ಲೈಬ್ರರಿಯ ಬೀರುವಿನೊಳಗೆ, ಬೀಗದ ಕೈ ಇಟ್ಟುಕೊಂಡವರು ರಜದ ಮೇಲೆ. ಕಾದು, ಕಾಡಿ, ಬೀರು ತೆಗೆಸಿ ನೋಡಿದರೆ, ಬರೆದವರು ನಮ್ಮ ಮೇಷ್ಟ್ರೇ!

ಕೃಷ್ಣಮೂರ್ತಿಪುರಂನ ಅವರ ಮನೆಗೆ ಸೈಕಲ್ ತುಳಿದೆ. “ಸಾರ್, ಮೂಲ ತಾವೇ.”

ಅವರು ಕಾಫಿ ಲೋಟ ಕೆಳಗಿಟ್ಟರು. “ಹಾಗಾದ್ರೆ ಖಂಡಿತ ತೆಗೆದುಬಿಡಿ. ಅದು ಅವಸರದಲ್ಲಿ ಬರೆದದ್ದು.”

ತೆಗೆದೆ. ಒಂದು ಟಿಪ್ಪಣಿ ಹೋದರೆ ಮುಂದಿನ ಸಂಖ್ಯೆಗಳೆಲ್ಲ ಏರುಪೇರು. ಕಾರ್ಬನ್ ಇಟ್ಟುಕೊಂಡು ಇಡೀ ಅಧ್ಯಾಯವನ್ನು ಮತ್ತೆ ಟೈಪು ಮಾಡಿದೆ.

ಮೌಖಿಕ ಪರೀಕ್ಷೆಗೆ ಧಾರವಾಡದಿಂದ ಬಂದಿದ್ದ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ: “ಅಲ್ರೀ, ಕೆರಿ ಬಗ್ಗೆ ನಿಮ್ಮ ಗುರುಗಳು ವಿಶ್ವಕೋಶದಾಗ ಬರದಾರ. ಅದನ್ನ ಯಾಕ ಹೇಳಿಲ್ಲ?”

ನಾನು ಪಕ್ಕದಲ್ಲೇ ಕೂತಿದ್ದ ಮೇಷ್ಟ್ರ ಮುಖ ನೋಡಿದೆ. ಅವರು ಫ್ಯಾನು ನೋಡುತ್ತಾ ನಕ್ಕರು. “ಏನು ಮಾಡೋದು ಸಾರ್, ಈಗಿನವರು ವಿಶ್ವಕೋಶ ತೆಗೆದೇ ನೋಡೋದಿಲ್ಲ.”

 

ಡಾಕ್ಟರೇಟೇನೋ ಬಂತು. ಅವರ ಅಮೂಲ್ಯ ಮಾರ್ಗದರ್ಶನಕ್ಕೆ ನಾನು ಸಲ್ಲಿಸಿದ ಕೃತಜ್ಞತೆ ಪ್ರಬಂಧದ ಮೊದಲ ಪುಟದಲ್ಲಿ ಈಗಲೂ ಇದೆ. ಅದಕ್ಕೆ ಮಾತ್ರ ಯಾರೂ ಆಧಾರ ಕೇಳಲಿಲ್ಲ.